ಯಾರ ತಿಂಗಳಲ್ಲಿ ಹೋಯಿತು ಆ ಕಣ್ಣು

ನನ್ನ ಅಜ್ಜಿಯ ಎಡಗಣ್ಣನ್ನು ಕಳೆದವರು ಅವಳ ಮೂವರು ಗಂಡುಮಕ್ಕಳು. ಅವರಲ್ಲಿ ನಡುವಿನವರು ನನ್ನ ಅಪ್ಪ. ಈ ಮಾತನ್ನು ಮೆತ್ತಗೆ ಹೇಳುವ ದಾರಿಗಳು ನನಗೂ ಗೊತ್ತಿವೆ. ವಯಸ್ಸಾಗಿತ್ತು, ಪೊರೆ ಬಲಿತಿತ್ತು, ಸಮಯಕ್ಕೆ ಸರಿಯಾಗಿ ಗೊತ್ತಾಗಲಿಲ್ಲ ಎಂದು ನಮ್ಮ ಮನೆಗಳಲ್ಲಿ ಈಗ ಹೇಳಿಕೊಳ್ಳುತ್ತಿದ್ದಾರೆ. ಮೊದಲೆರಡು ನಿಜ, ಮೂರನೆಯದು ಸುಳ್ಳು. ಗೊತ್ತಿತ್ತು. ವೈದ್ಯರು ಬರೆದುಕೊಟ್ಟ ಚೀಟಿ ನಾಲ್ಕು ತಿಂಗಳು ನಮ್ಮ ಮನೆಯ ಫ್ರಿಜ್ಜಿನ ಬಾಗಿಲ ಮೇಲೆ ಇತ್ತು. ಅದನ್ನು ಅಲ್ಲಿ ಅಂಟಿಸಿದವಳು ನಾನು. ಹಾಗಾಗಿ ಆರೋಪಿಗಳ ಸಾಲಿನ ಕೊನೆಯಲ್ಲಿ ನನಗೂ ಒಂದು ಜಾಗವಿದೆ. ಅದನ್ನು ನಾನು ಬಿಟ್ಟುಕೊಡುವುದಿಲ್ಲ.

ತಾತ ಪೀಣ್ಯದ ಒಂದು ಕಾರ್ಖಾನೆಯಲ್ಲಿ ಲೋಹ ಕಡೆಯುವ ಲೇತ್ ಯಂತ್ರ ನಡೆಸುತ್ತಿದ್ದರು. ಗೊರಗುಂಟೆಪಾಳ್ಯದಲ್ಲಿ ಮೊದಲ ಮಹಡಿಯ ಬಾಡಿಗೆ ಮನೆ. ಮೂವರು ಮಕ್ಕಳನ್ನು ಬೆಳೆಸಿದ್ದು, ಮದುವೆ ಮಾಡಿದ್ದು, ನಿವೃತ್ತರಾದದ್ದು ಎಲ್ಲವೂ ಆ ಎರಡು ಕೋಣೆಗಳಲ್ಲಿಯೇ. ಐದು ವರ್ಷಗಳ ಹಿಂದೆ ಒಂದು ಬೆಳಿಗ್ಗೆ ಹಲ್ಲುಜ್ಜುತ್ತಿದ್ದಾಗ ಅವರಿಗೆ ಪಾರ್ಶ್ವವಾಯು ಬಡಿಯಿತು. ಬಲಗೈ, ಬಲಗಾಲು ಹೋದವು. ಮಾತು ಹೋಯಿತು; ಒಂದೇ ಒಂದು ಪದ ಉಳಿಯಿತು. ಆಯ್ತು. ಹಸಿವಾದರೂ ಆಯ್ತು, ಹೊಟ್ಟೆ ತುಂಬಿದರೂ ಆಯ್ತು, ನೋವಿಗೂ, ಸಿಟ್ಟಿಗೂ ಅದೇ. ಎಷ್ಟೋ ರೋಗಿಗಳಲ್ಲಿ ಹೀಗೆ ಒಂದು ಪದ ಮಾತ್ರ ಉಳಿದುಬಿಡುತ್ತದೆ, ಅದಕ್ಕೆ ಅರ್ಥ ಹಚ್ಚಬೇಡಿ ಎಂದು ವೈದ್ಯರು ಅಂದೇ ಹೇಳಿದ್ದರು.

ಹೇಳಿದ ಎರಡೇ ವಾರಕ್ಕೆ ನಮ್ಮವರು ಅದಕ್ಕೆ ಅರ್ಥ ಹಚ್ಚಿದರು. ಟಿ. ದಾಸರಹಳ್ಳಿಯ ದೊಡ್ಡಪ್ಪನ ಮನೆಯ ಹಾಲ್‌ನಲ್ಲಿ ಎಲ್ಲರೂ ಸೇರಿದ್ದೆವು. ಮೆಟ್ಟಿಲಿರುವ ಬಾಡಿಗೆ ಮನೆಯನ್ನು ಬಿಡುವುದು, ತಾತ ಒಂದೊಂದು ತಿಂಗಳು ಒಬ್ಬೊಬ್ಬ ಮಗನ ಮನೆಯಲ್ಲಿ ಇರುವುದು ಎಂದು ತೀರ್ಮಾನವಾಯಿತು. ದಾಸರಹಳ್ಳಿಯಲ್ಲಿ ದೊಡ್ಡಪ್ಪ, ಯಲಹಂಕದಲ್ಲಿ ನಾವು, ಹುಣಸಮಾರನಹಳ್ಳಿಯಲ್ಲಿ ಚಿಕ್ಕಪ್ಪ. ದೊಡ್ಡಪ್ಪ ಗಾಲಿಕುರ್ಚಿಯ ಕಡೆಗೆ ಬಾಗಿ, "ಏನಪ್ಪ, ಹಿಂಗೆ ಮಾಡೋಣ್ವಾ?" ಎಂದು ಕೇಳಿದರು. ತಾತ, "ಆಯ್ತು" ಎಂದರು. ಸಭೆ ಮುಗಿಯಿತು. ಅಜ್ಜಿಯನ್ನು ಯಾರೂ ಏನೂ ಕೇಳಲಿಲ್ಲ. ತಾತನಿಗೆ ಕಮೋಡ್ ಕುರ್ಚಿ ಎಷ್ಟು ಅನಿವಾರ್ಯವೋ ಅಜ್ಜಿಯೂ ಅಷ್ಟೇ ಅನಿವಾರ್ಯ. ಅವರ ಜೊತೆಗೆ ಹೋಗುತ್ತಾಳೆ ಎಂಬುದನ್ನು ಯಾರೂ ಬಾಯಿಬಿಟ್ಟು ಹೇಳಬೇಕಾಗಲಿಲ್ಲ. ಅವಳಿಗೆ ಆಗ ಎಪ್ಪತ್ತೆರಡು ವರ್ಷ.

ಮೊದಮೊದಲು ತಾರೀಖಿನ ಲೆಕ್ಕದಲ್ಲಿ ಸಾಗಿಸುತ್ತಿದ್ದರು. ಮೂವತ್ತೊಂದು ದಿನದ ತಿಂಗಳೆಲ್ಲ ತನ್ನ ಪಾಲಿಗೇ ಬೀಳುತ್ತಿದೆ ಎಂದು ಚಿಕ್ಕಪ್ಪ ತಕರಾರು ತೆಗೆದ ಮೇಲೆ ಲೆಕ್ಕ ಅಮಾವಾಸ್ಯೆಯಿಂದ ಅಮಾವಾಸ್ಯೆಗೆ ಬದಲಾಯಿತು. ಅಮಾವಾಸ್ಯೆ ಕಳೆದ ಮರುದಿನ ಆಟೋ ಬರುತ್ತದೆ. ಕಮೋಡ್ ಕುರ್ಚಿಯನ್ನು ಹಿಂದೆ ಹಗ್ಗದಿಂದ ಕಟ್ಟುತ್ತಾರೆ. ತಾತನ ಫೈಲು ಮತ್ತು ಮಾತ್ರೆಗಳಿರುವ ಹಳದಿ ಬಟ್ಟೆಚೀಲ ಅಜ್ಜಿಯ ತೊಡೆಯ ಮೇಲೆ. ಹೊರಡುವ ಮುನ್ನ ಆ ಮನೆಯ ಸೊಸೆ ಅಜ್ಜಿಗೆ ಅರಿಶಿನ ಕುಂಕುಮ ಕೊಟ್ಟು, ಒಂದು ಬ್ಲೌಸ್ ಪೀಸನ್ನು ಮಡಿಲಿಗೆ ಹಾಕುತ್ತಾಳೆ. ಮಂಗಳವಾರ, ಶುಕ್ರವಾರ ಮಾತ್ರ ಕಳಿಸುವುದಿಲ್ಲ. ಮುತ್ತೈದೆಯನ್ನು ಆ ದಿನಗಳಲ್ಲಿ ಹೊಸಿಲು ದಾಟಿಸಿದರೆ ಮನೆಯ ಲಕ್ಷ್ಮಿ ಹೋಗುತ್ತಾಳೆಂದು ನಂಬಿಕೆ. ಐದು ವರ್ಷದಲ್ಲಿ ಅಜ್ಜಿಯ ಬಳಿ ಒಂದು ದೊಡ್ಡ ಗಂಟಿನಷ್ಟು ಬ್ಲೌಸ್ ಪೀಸುಗಳು ಸೇರಿವೆ. ಅವಳ ಹೆಸರಿನಲ್ಲಿ ಒಂದು ಫೈಲು ಮಾತ್ರ ಇರಲಿಲ್ಲ.

ಅವಳು ಮಾಡುತ್ತಿದ್ದ ಕೆಲಸವನ್ನು ಇಲ್ಲಿ ಬಿಡಿಸಿ ಬರೆಯಬೇಕು, ಏಕೆಂದರೆ ಅದನ್ನು ನೋಡಿಯೂ ನಾವು ನೋಡಲಿಲ್ಲ. ತಾತ ಎತ್ತರದ ಮನುಷ್ಯ. ಅವಳು ಅವರ ಎದೆಯ ಮಟ್ಟಕ್ಕೂ ಬರುವುದಿಲ್ಲ. ಒಂದು ಹಳೆಯ ನೂಲಿನ ಸೀರೆಯನ್ನು ಹುರಿಮಾಡಿ ಅವರ ಸೊಂಟಕ್ಕೆ ಸುತ್ತಿ, ಎರಡು ತುದಿಗಳನ್ನು ತನ್ನ ಮುಂಗೈಗೆ ಸುತ್ತಿಕೊಂಡು, ತನ್ನ ಮೊಣಕಾಲಿನಿಂದ ಅವರ ಮೊಣಕಾಲನ್ನು ಒತ್ತಿ ಹಿಡಿದು ಎಳೆಯುತ್ತಿದ್ದಳು. ಹಾಸಿಗೆಯಿಂದ ಕುರ್ಚಿಗೆ, ಕುರ್ಚಿಯಿಂದ ಕಮೋಡಿಗೆ, ಮತ್ತೆ ಹಾಸಿಗೆಗೆ. ದಿನಕ್ಕೆ ಎಂಟು ಹತ್ತು ಸಲ. ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸುವುದು, ಬೆನ್ನಿಗೆ ಪೌಡರು ಹಾಕುವುದು, ನುಂಗಲು ಕಷ್ಟವಾದ್ದರಿಂದ ರಾಗಿಮುದ್ದೆಯನ್ನು ಸಾರಿನಲ್ಲಿ ಕರಗಿಸಿ ಚಮಚೆಯಲ್ಲಿ ಕೊಡುವುದು. ಐದು ವರ್ಷದಲ್ಲಿ ತಾತನ ಬೆನ್ನಿನ ಮೇಲೆ ಒಂದು ಹುಣ್ಣಾಗಿಲ್ಲ. ಅದು ಅವಳ ಹೆಮ್ಮೆ. ನೆಂಟರು ನೋಡಲು ಬಂದರೆ ತಾತನ ಅಂಗಿಯನ್ನು ಎತ್ತಿ, ಮಕ್ಕಳು ಶಾಲೆಯಲ್ಲಿ ಗೆದ್ದ ಬಹುಮಾನ ತೋರಿಸುವ ಹಾಗೆ ಆ ಬೆನ್ನನ್ನು ತೋರಿಸುತ್ತಿದ್ದಳು. ತಾತ ಮುಜುಗರದಿಂದ, "ಆಯ್ತು, ಆಯ್ತು" ಎನ್ನುತ್ತಿದ್ದರು.

ಅವಳಿಗೆ ದಕ್ಕಿದ್ದು ಏನೂ ಇರಲಿಲ್ಲ ಎಂದು ಬರೆದರೆ ಅದೂ ಸುಳ್ಳಾಗುತ್ತದೆ. ಐವತ್ತು ವರ್ಷ ಗಂಡನನ್ನು "ರೀ" ಎಂದು ಕರೆದಿದ್ದವಳು ಈಗ, ಬಾಗಿಲು ಮುಂದೆ ಮಾಡಿದ ಕೋಣೆಯಲ್ಲಿ, "ಏಳಪ್ಪ ಮಹರಾಯ, ನಿನ್ನ ಹೊರೋಕೆ ನಾನೇನು ಕ್ರೇನಾ?" ಎನ್ನುತ್ತಿದ್ದಳು. ತಾತ ಅರ್ಧ ಬಾಯಿಯಲ್ಲಿ ನಗುತ್ತಿದ್ದರು. ಅವರ ಒಂದೇ ಪದದಲ್ಲಿ ನೀರು ಬೇಕೋ, ಫ್ಯಾನು ನಿಲ್ಲಿಸಬೇಕೋ, ಟಿವಿಯಲ್ಲಿ ಬರುತ್ತಿರುವವನು ಸುಳ್ಳು ಹೇಳುತ್ತಿದ್ದಾನೋ ಎಂಬುದು ಅವಳಿಗೆ ಮಾತ್ರ ತಿಳಿಯುತ್ತಿತ್ತು. ಅತ್ತೆಮಾವಂದಿರ, ಮಕ್ಕಳ, ಕಾರ್ಖಾನೆಯ ಪಾಳಿಗಳ ನಡುವೆ ಅವರಿಬ್ಬರಿಗೆ ಎಂದೂ ಸಿಗದಿದ್ದ ಸಲಿಗೆ ಆ ಕೋಣೆಯಲ್ಲಿ ಸಿಕ್ಕಿತು. ನಾನು ಬಾಗಿಲ ಹೊರಗೆ ನಿಂತು ಎಷ್ಟೋ ಸಲ ಅದನ್ನು ಕೇಳಿದ್ದೇನೆ. ಅವಳ ಗಂಡುಮಕ್ಕಳೂ ಕೇಳಿದ್ದಾರೆ, ಮತ್ತು ಅದನ್ನೇ ಸಾಕ್ಷಿಯಾಗಿ ಬಳಸಿದ್ದಾರೆ. ಅಮ್ಮ ಸಂತೋಷವಾಗಿದ್ದಾಳೆ, ಅವಳಿಗೆ ಇದೇ ಬೇಕು ಎಂದು.

ಕಳೆದ ಭಾದ್ರಪದ ನಮ್ಮ ಸರದಿ. ಗಣೇಶನ ಹಬ್ಬವಾದ ಮರುವಾರ ನಮ್ಮ ಬಡಾವಣೆಯ ಶಾಲೆಯಲ್ಲಿ ಕಣ್ಣಿನ ತಪಾಸಣೆ ಶಿಬಿರ ನಡೆಯಿತು. ಅಜ್ಜಿ ಅನ್ನದ ಪಾತ್ರೆಯ ಪಕ್ಕ ಸಾರು ಸುರಿದದ್ದನ್ನು ಕಂಡಿದ್ದ ನಾನು, ತಾತನಿಗೆ ನಿದ್ದೆ ಹತ್ತಿದ ಹೊತ್ತಿನಲ್ಲಿ ಅವಳನ್ನು ಕರೆದುಕೊಂಡು ಹೋದೆ. ಎರಡೂ ಕಣ್ಣಿನಲ್ಲಿ ಪೊರೆ, ಎಡಗಣ್ಣಿನದು ತೀರಾ ಬಲಿತಿದೆ, ತಡಮಾಡಿದರೆ ಒಳಗಿನ ಒತ್ತಡ ಏರಿ ಕಣ್ಣೇ ಹೋಗಬಹುದು ಎಂದು ವೈದ್ಯೆ ವಿವರಿಸಿದರು. ಎಡಗಣ್ಣಿಗೆ ಕೂಡಲೇ ಶಸ್ತ್ರಚಿಕಿತ್ಸೆ, ಆಮೇಲೆ ಬಲಗಣ್ಣಿಗೆ. ಶಸ್ತ್ರಚಿಕಿತ್ಸೆಗೆ ಅರ್ಧ ದಿನ ಸಾಕು. ಆದರೆ ಒಂದು ತಿಂಗಳು ಭಾರ ಎತ್ತಬಾರದು, ಬಗ್ಗಬಾರದು, ಒಲೆಯ ಮುಂದೆ ನಿಲ್ಲಬಾರದು. ಅಜ್ಜಿ ಹೊರಬರುವಾಗ ನಕ್ಕಳು. "ಒಂದು ತಿಂಗಳು ಭಾರ ಎತ್ತಬಾರದಂತೆ. ಆ ಡಾಕ್ಟ್ರಮ್ಮನಿಗೆ ನಿಮ್ ತಾತನ್ನ ತೋರಿಸ್ಬೇಕಿತ್ತು."

ಒಂದು ತಿಂಗಳು. ಎಂದರೆ ಸರಿಯಾಗಿ ಒಂದು ಮನೆಯ ಸರದಿ. ಈ ಹೊಂದಾಣಿಕೆಯೇ ಅವಳ ಕಣ್ಣಿಗೆ ಮುಳುವಾಯಿತು. ಯಾರ ಸರದಿಯಲ್ಲಿ ಶಸ್ತ್ರಚಿಕಿತ್ಸೆ ನಡೆಯುತ್ತದೋ ಆ ಮನೆಯವರೇ ತಾತನನ್ನು ದಿನಕ್ಕೆ ಹತ್ತು ಸಲ ಎತ್ತಬೇಕು, ಅಜ್ಜಿಯನ್ನೂ ನೋಡಿಕೊಳ್ಳಬೇಕು. ಉಳಿದ ಎರಡು ಮನೆಗಳಿಗೆ ಕಣ್ಣು ಕಾಣುವ ಅಜ್ಜಿ ಬಂದು ಸೇರುತ್ತಾಳೆ. ಈ ಲೆಕ್ಕವನ್ನು ಯಾರೂ ಜೋರಾಗಿ ಹೇಳಲಿಲ್ಲ. ಎಲ್ಲರೂ ಮಾಡಿದರು.

ನಮ್ಮ ಮನೆಯಿಂದಲೇ ಶುರುಮಾಡುತ್ತೇನೆ. ಅಪ್ಪ ಚೀಟಿಯನ್ನು ಓದಿ, ಇನ್ನೇನು ಪಿತೃಪಕ್ಷ, ಪಕ್ಷದಲ್ಲಿ ಕತ್ತರಿ ಹಾಕಿಸುವುದು ಬೇಡ, ಮಹಾಲಯ ಅಮಾವಾಸ್ಯೆ ಕಳೆಯಲಿ ಎಂದರು. ಮಹಾಲಯ ಅಮಾವಾಸ್ಯೆ ಕಳೆದರೆ ಸರದಿಯೂ ಕಳೆಯುತ್ತದೆ ಎಂದು ಅವರಿಗೆ ಗೊತ್ತಿತ್ತು. ಆಶ್ವಯುಜದಲ್ಲಿ ದೊಡ್ಡಪ್ಪನ ಮನೆ. ದಸರೆಗೆ ಬೀಗರು ಬರುವವರಿದ್ದರು, ಮಗಳ ಬಾಣಂತನ ನಡೆದಿತ್ತು. ಕಾರ್ತಿಕದಲ್ಲಿ ಮಾಡಿಸಿದರೆ ಒಳ್ಳೆಯದು ಎಂದು ಫೋನಿನಲ್ಲಿ ಹೇಳಿದರು. ಕಾರ್ತಿಕದಲ್ಲಿ ಚಿಕ್ಕಪ್ಪನ ಮನೆ. ಹುಣಸಮಾರನಹಳ್ಳಿಯಲ್ಲಿ ಚಳಿಗಾಳಿ ಜಾಸ್ತಿ, ಧೂಳು ಬೇರೆ, ಕಣ್ಣಿಗೆ ಸೋಂಕು ತಗುಲಿದರೆ ಹೊಣೆ ಯಾರು ಎಂಬುದು ಅವರ ವಾದ. ಮಾರ್ಗಶಿರದಲ್ಲಿ ಮತ್ತೆ ನಾವು. ಅಷ್ಟರಲ್ಲಿ ಧನುರ್ಮಾಸ ಹತ್ತಿರವಾಗಿತ್ತು. ಶೂನ್ಯಮಾಸದಲ್ಲಿ ಹೊಸ ಕೆಲಸ ಹಿಡಿಯುವುದಿಲ್ಲ, ಸಂಕ್ರಾಂತಿ ಆಗಲಿ. ಇವರಲ್ಲಿ ಯಾರೂ ಪಂಚಾಂಗ ನೋಡಿ ಕಾರು ಸರ್ವೀಸಿಗೆ ಬಿಟ್ಟವರಲ್ಲ. ಶೂನ್ಯಮಾಸದಲ್ಲಿಯೇ ಅಪ್ಪ ತಮ್ಮ ಹಲ್ಲಿಗೆ ಕ್ಯಾಪ್ ಹಾಕಿಸಿಕೊಂಡರು.

ನಾನು ಅಮ್ಮನ ಮೇಲೆ ಸಿಟ್ಟಾದೆ. ನೀನೂ ಸೊಸೆಯಾಗಿ ಸುಮ್ಮನಿದ್ದೀಯಲ್ಲ ಎಂದೆ. ಅಮ್ಮ ತರಕಾರಿ ಹೆಚ್ಚುವುದನ್ನು ನಿಲ್ಲಿಸದೆ ಕೇಳಿದಳು: "ಆಪರೇಷನ್ ಮಾಡಿಸಿದ್ರೆ ನಿಮ್ ತಾತನ್ನ ಎತ್ತೋರು ಯಾರು? ನಿಮ್ಮಪ್ಪನಾ? ಅವರು ಈ ಐದು ವರ್ಷದಲ್ಲಿ ಎತ್ತಿದ್ದು ಒಂದು ಸಲ ನೋಡಿದ್ದೀಯ ನೀನು?" ನೋಡಿರಲಿಲ್ಲ. ಅಮ್ಮನ ಬೆನ್ನುಮೂಳೆಯಲ್ಲಿ ಡಿಸ್ಕ್ ಜಾರಿ ಮೂರು ವರ್ಷವಾಗಿದೆ. ನಡುಪಟ್ಟಿ ಕಟ್ಟಿಕೊಂಡೇ ಕೆಲಸಕ್ಕೆ ಹೋಗುತ್ತಾಳೆ. ದೊಡ್ಡಮ್ಮನಿಗೂ ಚಿಕ್ಕಮ್ಮನಿಗೂ ಇಂಥದೇ ಕಾರಣಗಳಿದ್ದವು, ಮತ್ತು ಅವು ನಿಜವಾಗಿದ್ದವು. ತೀರ್ಮಾನ ಮಾಡುತ್ತಿದ್ದವರು ಗಂಡಸರು, ಎತ್ತಬೇಕಾದವರು ಹೆಂಗಸರು. ಹಾಗಾಗಿ ಈ ದೂರಿನಲ್ಲಿ ಸೊಸೆಯಂದಿರನ್ನು ನಾನು ಮುಂದಿನ ಸಾಲಿನಲ್ಲಿ ನಿಲ್ಲಿಸುತ್ತಿಲ್ಲ.

ನನ್ನ ಪಾಲಿನ ತಪ್ಪು ಆ ಮಾರ್ಗಶಿರದಲ್ಲಿಯೇ ನಡೆಯಿತು. ಅವರೆಕಾಯಿಯ ಕಾಲ. ಹಿತಕಬೇಳೆ ಸಾರಿಗೆಂದು ಅಜ್ಜಿ ಕಾಳು ಸುಲಿಯುತ್ತ ಕೂತಿದ್ದಳು. ಪಕ್ಕದಲ್ಲಿ ಗಾಲಿಕುರ್ಚಿ. ಅವಳು ಕಾಯಿ ಬಿಡಿಸಿ ಕಾಳನ್ನು ಅಂಗೈಯಲ್ಲಿಟ್ಟು ತಾತನ ಮುಂದೆ ಹಿಡಿಯುತ್ತಿದ್ದಳು. ತಾತ ಎಡಗೈಯ ಎರಡು ಬೆರಳಿನಿಂದ ಹುಳು ಇದ್ದ ಕಾಳನ್ನು ಎತ್ತಿ ಬಿಸಾಡಿ, "ಆಯ್ತು" ಎನ್ನುತ್ತಿದ್ದರು. ಆಮೇಲೆ ಅವಳು ಅಂಗೈಯನ್ನು ಪಾತ್ರೆಗೆ ಸುರಿಯುತ್ತಿದ್ದಳು. ಮತ್ತೆ ಅಂಗೈ, ಮತ್ತೆ ಆಯ್ತು. ಲೇತಿನ ಮೇಲೆ ಕೂದಲೆಳೆಯಷ್ಟು ವ್ಯತ್ಯಾಸವನ್ನೂ ಹಿಡಿಯುತ್ತಿದ್ದ ಕಣ್ಣುಗಳು ಅವು. ನಾನು ಫೋನ್ ತೆಗೆದು ಅದನ್ನು ಚಿತ್ರೀಕರಿಸಿದೆ, ಹಿನ್ನೆಲೆಗೆ ಒಂದು ಸಂಗೀತ ಸೇರಿಸಿ ಮನೆಯ ವಾಟ್ಸಾಪ್ ಗ್ರೂಪಿಗೆ ಹಾಕಿದೆ. ಹೃದಯಗಳು ಬಂದವು. ಚಿಕ್ಕಪ್ಪ, ಎಷ್ಟು ಚೆನ್ನಾಗಿ ಹೊತ್ತು ಕಳೆಯುತ್ತಾರೆ ನೋಡಿ ಎಂದು ಬರೆದರು.

ಹೊತ್ತು ಕಳೆಯುತ್ತಿರಲಿಲ್ಲ. ಅವಳಿಗೆ ಹುಳು ಕಾಣುತ್ತಿರಲಿಲ್ಲ. ಕಾಳೂ ಕಾಣುತ್ತಿರಲಿಲ್ಲ. ಈಗ ಆ ವಿಡಿಯೋವನ್ನು ಮತ್ತೆ ನೋಡಿದರೆ, ಅವಳ ಮುಖ ಅಂಗೈಯ ಕಡೆಗೆ ಇಲ್ಲವೇ ಇಲ್ಲ. ತಾತನ ದನಿಯ ಕಡೆಗೆ ತಿರುಗಿದೆ. ಮಾತ್ರೆಯ ಪಟ್ಟಿಗಳನ್ನೂ ಅವರೇ ಬೆರಳಿನಿಂದ ತೋರಿಸುತ್ತಿದ್ದರಂತೆ: ಬೆಳಗಿನದು, ರಾತ್ರಿಯದು. ಅವಳು ಅವರ ಕೈಕಾಲಾಗಿದ್ದಳು, ಅವರು ಅವಳ ಕಣ್ಣಾಗಿದ್ದರು. ಇಬ್ಬರೂ ಸೇರಿ ಅದನ್ನು ನಮ್ಮಿಂದ ಮುಚ್ಚಿಟ್ಟಿದ್ದರು. ಸ್ನಾತಕೋತ್ತರ ಪದವಿಗೆ ನಾನು ಬರೆದ ಪ್ರಬಂಧದ ವಿಷಯ ಮನೆಯೊಳಗಿನ ಆರೈಕೆಯ ದುಡಿಮೆ. ಎಂಬತ್ತು ಪುಟ. ಅಡಿಟಿಪ್ಪಣಿಗಳು ಬೇರೆ. ನನ್ನ ಎದುರಿಗೆ ಎರಡು ಮಾರು ದೂರದಲ್ಲಿ ಒಬ್ಬ ಮುದುಕಿ ಕುರುಡಾಗುತ್ತಿದ್ದಾಗ ನಾನು ಬೆಳಕು ಚೆನ್ನಾಗಿ ಬೀಳುತ್ತಿದೆಯೇ ಎಂದು ನೋಡುತ್ತಿದ್ದೆ.

ಮಾರ್ಗಶಿರದ ಅಮಾವಾಸ್ಯೆ ಗುರುವಾರ ಬಂತು. ಲೆಕ್ಕದ ಪ್ರಕಾರ ಗುರುವಾರಕ್ಕೆ ನಮ್ಮ ಸರದಿ ಮುಗಿಯಿತು. ಮರುದಿನ ಶುಕ್ರವಾರ; ಕಳಿಸುವಂತಿಲ್ಲ. ಶನಿವಾರ ಬೆಳಿಗ್ಗೆ ಆಟೋ. ನಡುವಿನ ಆ ಶುಕ್ರವಾರ ಯಾವ ಮನೆಯ ಲೆಕ್ಕಕ್ಕೂ ಸೇರದೆ ಉಳಿಯಿತು.

ಆ ಶುಕ್ರವಾರ ಬೆಳಿಗ್ಗೆಯೇ ಅಜ್ಜಿಯ ಎಡಗಣ್ಣು ಕೆಂಪಾಯಿತು, ತಲೆ ಸಿಡಿಯತೊಡಗಿತು, ತಿಂದದ್ದೆಲ್ಲ ವಾಂತಿಯಾಯಿತು. ಬೀದಿಯ ಮಕ್ಕಳಿಗೆ ಮದ್ರಾಸ್ ಐ ಬಂದಿದ್ದ ವಾರ ಅದು. ಕಣ್ಣಿಗೆ ಮದ್ರಾಸ್ ಐ, ವಾಂತಿಗೆ ಗ್ಯಾಸು ಎಂದು ಅಮ್ಮ ತೀರ್ಮಾನಿಸಿದಳು. ಮೆಡಿಕಲ್ ಶಾಪಿನಿಂದ ಡ್ರಾಪ್ಸ್ ಬಂತು, ಕಪ್ಪು ಕನ್ನಡಕ ಬಂತು. ನಾನು ಅಂದು ಊರಿನಲ್ಲಿರಲಿಲ್ಲ. ಸಂದರ್ಶನವೊಂದಕ್ಕೆ ಮೈಸೂರಿಗೆ ಹೋಗಿದ್ದೆ. ಡಾಕ್ಟರಿಗೆ ತೋರಿಸಬೇಕಲ್ಲವೇ ಎಂದು ಅಮ್ಮ ಕೇಳಿದ್ದಕ್ಕೆ ಅಪ್ಪ, "ಹೆಂಗೂ ನಾಳೆ ಅಣ್ಣನ ಮನೆಗೆ ಹೋಗ್ತಾರಲ್ಲ, ಅಲ್ಲೇ ಹತ್ರದಲ್ಲಿ ಆಸ್ಪತ್ರೆ ಇದೆ, ತೋರಿಸ್ತಾರೆ ಬಿಡು" ಎಂದರು. ಶನಿವಾರ ಅಮ್ಮ ಅರಿಶಿನ ಕುಂಕುಮ ಕೊಟ್ಟು, ಬ್ಲೌಸ್ ಪೀಸು ಇಟ್ಟು ಕಳಿಸಿದಳು. ದಾಸರಹಳ್ಳಿಯಲ್ಲಿ ಕಪ್ಪು ಕನ್ನಡಕದ ಅಜ್ಜಿಯನ್ನು ಇಳಿಸಿಕೊಂಡ ದೊಡ್ಡಪ್ಪ, ಡ್ರಾಪ್ಸಿನ ಬಾಟಲಿಯನ್ನು ಕಂಡು, ಅಲ್ಲಿ ತೋರಿಸಿಕೊಂಡೇ ಬಂದಿದ್ದಾಳೆ ಎಂದುಕೊಂಡರು. ಮನೆಯಲ್ಲಿ ಬಾಣಂತಿ, ಹಸುಗೂಸು. ಸೋಂಕು ಹರಡಬಾರದೆಂದು ಅಜ್ಜಿ ತಾತನ ಕೋಣೆಯಿಂದ ಹೊರಗೆ ಬರುವುದೇ ಬೇಡ ಎಂದಾಯಿತು. ತಟ್ಟೆ ಬಾಗಿಲಿನವರೆಗೆ ಬರುತ್ತಿತ್ತು. ಆ ನಾಲ್ಕು ದಿನವೂ ಅವಳು ತಾತನನ್ನು ಎತ್ತಿದಳು.

ಬುಧವಾರ ನಾನು ಹೋದೆ. ಬಾಗಿಲು ತೆರೆಯುತ್ತಿದ್ದಂತೆ ತಾತ ಹಾಸಿಗೆಯ ಕಂಬಿಯನ್ನು ಎಡಗೈಯಿಂದ ಬಡಿಯತೊಡಗಿದರು. "ಆಯ್ತು! ಆಯ್ತು! ಆಯ್ತು!" ಅವರ ಕಣ್ಣಿನಿಂದ ನೀರು ಸುರಿಯುತ್ತಿತ್ತು. ಶನಿವಾರದಿಂದಲೂ ಹೀಗೇ ಗಲಾಟೆ ಮಾಡುತ್ತಿದ್ದಾರೆ, ಜಾಗ ಬದಲಾದದ್ದಕ್ಕೆ ಇರಬೇಕು ಎಂದು ದೊಡ್ಡಮ್ಮ ಹೇಳಿದರು. ನಾಲ್ಕು ದಿನ ಒಬ್ಬ ಮನುಷ್ಯ ತನ್ನಲ್ಲಿದ್ದ ಒಂದೇ ಪದವನ್ನು ಹಿಡಿದು ಸಹಾಯಕ್ಕೆ ಕೂಗಿದ್ದ. ಅದಕ್ಕೆ ಅರ್ಥ ಹಚ್ಚಬೇಡಿ ಎಂಬ ವೈದ್ಯರ ಮಾತನ್ನು ನಮ್ಮವರು ಆಗ ಮಾತ್ರ ಪಾಲಿಸಿದರು.

ಕನ್ನಡಕ ತೆಗೆದೆ. ಕಣ್ಣಿನ ಕರಿಗುಡ್ಡೆ ಮಂಜುಗಟ್ಟಿದ ಗಾಜಿನ ಹಾಗಿತ್ತು. ಆ ಕಣ್ಣಿನ ಮುಂದೆ ಫೋನಿನ ಟಾರ್ಚು ಹಿಡಿದು ಬೆಳಕು ಕಾಣುತ್ತಿದೆಯೇ ಎಂದು ಕೇಳಿದೆ. "ಎಲ್ಲಿ ಹಿಡ್ದಿದ್ದೀಯ?" ಎಂದಳು.

ಆಸ್ಪತ್ರೆಯಲ್ಲಿ ವೈದ್ಯರು ಬೇಗಬೇಗ ಔಷಧಿ ಕೊಟ್ಟು ಒತ್ತಡ ಇಳಿಸಿದರು. ಆಮೇಲೆ ಹೊರಗೆ ಬಂದು, ನೋವು ಯಾವಾಗ ಶುರುವಾಯಿತು ಎಂದು ಕೇಳಿದರು. ಅಷ್ಟರಲ್ಲಿ ಅಪ್ಪನೂ ಬಂದಿದ್ದರು. ಆ ಸರಳವಾದ ಪ್ರಶ್ನೆಗೆ ನನ್ನ ಅಪ್ಪ ಮತ್ತು ದೊಡ್ಡಪ್ಪ ಕಾರಿಡಾರಿನಲ್ಲಿ ಕೊಟ್ಟ ಉತ್ತರವನ್ನು ನಾನು ಸಾಯುವ ತನಕ ಮರೆಯಲಾರೆ.

"ನಮ್ಮನೇಗೆ ಬರೋವಾಗ್ಲೇ ಕನ್ನಡಕ ಹಾಕ್ಕೊಂಡಿದ್ರು. ಅಂದ್ರೆ ನಿಮ್ಮನೇಲೇ ಶುರುವಾಗಿದೆ," ದೊಡ್ಡಪ್ಪ.

"ಶುಕ್ರವಾರ ಸ್ವಲ್ಪ ಕೆಂಪಾಗಿತ್ತು ಅಷ್ಟೇ ಅಣ್ಣ. ಗುರುವಾರಕ್ಕೇ ನಮ್ಮ ತಿಂಗಳು ಮುಗಿದಿತ್ತಲ್ಲ," ಅಪ್ಪ.

"ಅವತ್ತು ಇದ್ದದ್ದು ನಿಮ್ಮನೇಲಿ ತಾನೆ?"

"ಶುಕ್ರವಾರ ಕಳ್ಸೋಕಾಗುತ್ತಾ? ನೀವೇ ಬೇಡ ಅಂತಿದ್ರಿ."

ವೈದ್ಯರು ಇಬ್ಬರ ಮುಖವನ್ನೂ ನೋಡಿ, ಮತ್ತೆ ನನ್ನ ಕಡೆ ತಿರುಗಿ, ಆರು ದಿನ ಎಂದು ತಾವೇ ಬರೆದುಕೊಂಡರು. ನರ ಸತ್ತಿದೆ, ಈ ಕಣ್ಣಿಗೆ ಇನ್ನು ದೃಷ್ಟಿ ಬರುವುದಿಲ್ಲ, ಬಲಗಣ್ಣನ್ನಾದರೂ ಉಳಿಸಿಕೊಳ್ಳಿ, ಮೂರು ತಿಂಗಳ ಒಳಗೆ ಮಾಡಿಸಿ ಎಂದರು. ಅವಳ ಹೆಸರಿನಲ್ಲಿ ಮೊದಲ ಬಾರಿಗೆ ಒಂದು ಫೈಲು ತಯಾರಾಯಿತು.

ಇದಾದ ಮೇಲೆ ಮಾಘ ಬಂತು, ಹುಣಸಮಾರನಹಳ್ಳಿಗೆ ಆಟೋ ಹೋಯಿತು. ಕಮೋಡ್ ಕುರ್ಚಿ ಹಿಂದೆ, ತೊಡೆಯ ಮೇಲೆ ಹಳದಿ ಚೀಲ, ಚೀಲದಲ್ಲಿ ಈಗ ಎರಡು ಫೈಲು. ಚಿಕ್ಕಪ್ಪ, ಆಗಿದ್ದು ಆಗಿಹೋಯಿತು, ಬಲಗಣ್ಣಿನ ವಿಷಯದಲ್ಲಿ ಅವಸರ ಬೇಡ, ಇನ್ನೊಬ್ಬ ಡಾಕ್ಟರನ್ನು ಕೇಳೋಣ ಎಂದರು. ಅವರು ಕೇಳಿದ್ದು ಬೇರೆ ಡಾಕ್ಟರನ್ನಲ್ಲ. ತಮ್ಮ ಮನೆಯ ಹತ್ತಿರದ ಒಂದು ಆರೈಕೆ ಕೇಂದ್ರವನ್ನು. ತಾತನಂಥವರನ್ನು ತಿಂಗಳ ಲೆಕ್ಕದಲ್ಲಿ ಇಟ್ಟುಕೊಳ್ಳುತ್ತಾರೆಯೇ ಎಂದು. ಅಜ್ಜಿಗೆ ಅದು ಗೊತ್ತಾಗಿತ್ತು. ಕಣ್ಣು ಮಂಜಾದ ಮೇಲೆ ಅವಳಿಗೆ ಗೋಡೆಯಾಚೆಯ ಮಾತೂ ಕೇಳಿಸುತ್ತದೆ.

ಈಗ ಫಾಲ್ಗುಣ, ನಮ್ಮ ಸರದಿ. ಕಳೆದ ವಾರ ಅವಳ ತಲೆ ಬಾಚುತ್ತ, ಬಲಗಣ್ಣಿನ ಶಸ್ತ್ರಚಿಕಿತ್ಸೆಗೆ ಒಪ್ಪಿಕೋ ಎಂದು ಬೇಡಿಕೊಂಡೆ. ಬೇಡ ಎಂದಳು. ಹೆದರಿಕೆಯೇ ಎಂದು ಕೇಳಿದೆ. ಹೇಳಿದಳು:

"ಕಣ್ಣಿಗೆ ಕತ್ತರಿ ಹಾಕೋದಕ್ಕೆ ಹೆದರಿಕೆ ಇಲ್ಲ ಕಣೇ. ಒಂದು ತಿಂಗಳು ನಾನು ಮಲಗಿದ್ರೆ, ನಾನಿಲ್ದೇನೂ ಇವರನ್ನ ಎಲ್ಲಾದ್ರೂ ಇಡಬಹುದು ಅಂತ ಅವರಿಗೆ ಗೊತ್ತಾಗ್ಬಿಡುತ್ತೆ. ಆಮೇಲೆ ಕಣ್ಣು ಬಂದು ನಾನ್ ಯಾರನ್ನ ನೋಡಲಿ?"

ಪಕ್ಕದಲ್ಲಿ ತಾತ ಅವಳ ಸೀರೆಯ ಸೆರಗನ್ನು ಎಡಗೈಯಲ್ಲಿ ಹಿಡಿದುಕೊಂಡು ಕೂತಿದ್ದರು.

ಅವಳೇ ಬೇಡ ಅಂದಳು ಎಂಬ ಮಾತನ್ನು ನಾಳೆ ನೀವು ಮೂವರೂ ಹೇಳುತ್ತೀರಿ ಎಂದು ನನಗೆ ಗೊತ್ತು. ಆದ್ದರಿಂದ ಇದನ್ನು ಬರೆಯುತ್ತಿದ್ದೇನೆ. ಅವಳು ಬೇಡ ಎಂದದ್ದು ಶಸ್ತ್ರಚಿಕಿತ್ಸೆಯನ್ನಲ್ಲ, ನಿಮ್ಮನ್ನು ನಂಬುವುದನ್ನು. ಬಲಗಣ್ಣಿನ ಶಸ್ತ್ರಚಿಕಿತ್ಸೆ ಯಾವಾಗ ಎಂದು ಮನೆಯ ಗ್ರೂಪಿನಲ್ಲಿ ನಾನು ಎರಡು ಸಲ ಕೇಳಿದೆ. ಒಂದು ಸಲ ಕೈಮುಗಿದ ಚಿತ್ರ ಬಂತು, ಇನ್ನೊಂದು ಸಲ ಯಾರೋ ಶುಭೋದಯ ಎಂದು ಹಾಕಿ ಅದನ್ನು ಮೇಲಕ್ಕೆ ತಳ್ಳಿದರು. ಮನೆಯ ಮಾತು ಮನೆಯಲ್ಲಿ ಇರಲಿ ಎಂದು ಇನ್ನು ನನಗೆ ಹೇಳಬೇಡಿ. ಮನೆಯಲ್ಲಿಯೇ ಇದ್ದದ್ದಕ್ಕೆ ಒಂದು ಕಣ್ಣು ಹೋಗಿದೆ.

ಆದ್ದರಿಂದ ನಿಮ್ಮ ತಾಯಿಯ ಪರವಾಗಿ, ದೊಡ್ಡಪ್ಪ, ಅಪ್ಪ, ಚಿಕ್ಕಪ್ಪ, ನಿಮ್ಮ ಮೂವರಲ್ಲಿ ನನ್ನ ವಿನಂತಿ ಹೀಗಿದೆ. ಆ ಶುಕ್ರವಾರ ಯಾರದಾಗಿತ್ತು ಎಂಬುದಕ್ಕೆ ಮೊದಲು ಉತ್ತರ ಕೊಡಿ. ಮೂವರದೂ ಆಗಿತ್ತು ಎಂಬುದನ್ನು ಬಿಟ್ಟು ಬೇರೆ ಉತ್ತರವನ್ನು ನಾನು ಸ್ವೀಕರಿಸುವುದಿಲ್ಲ. ಯುಗಾದಿಗೆ ಮುಂಚೆ ಅವಳ ಬಲಗಣ್ಣಿನ ಶಸ್ತ್ರಚಿಕಿತ್ಸೆ ನಡೆಯಬೇಕು. ಅದಾದ ಮೂವತ್ತು ದಿನ ಅವಳೂ ತಾತನೂ ಒಂದೇ ಮನೆಯಲ್ಲಿ, ಒಂದೇ ಕೋಣೆಯಲ್ಲಿ ಇರಬೇಕು; ನಡುವೆ ಅಮಾವಾಸ್ಯೆ ಬಂದರೂ ಯಾರೂ ಸಾಮಾನು ಕಟ್ಟಬಾರದು. ಆ ಮೂವತ್ತು ದಿನ ತಾತನನ್ನು ಎತ್ತುವವರು ನೀವು. ಹತ್ತು ಹತ್ತು ದಿನ. ಹೆಂಡತಿಯರನ್ನು ಕಳಿಸಕೂಡದು. ಸೀರೆಯನ್ನು ಹುರಿಮಾಡುವುದು, ಮೊಣಕಾಲು ಕೊಡುವುದು ಹೇಗೆಂದು ಅಜ್ಜಿ ಕೂತಲ್ಲಿಂದಲೇ ಹೇಳಿಕೊಡುತ್ತಾಳೆ. ಕಣ್ಣಿಗೆ ಹನಿ ಹಾಕುವುದು, ಅಡುಗೆ, ಇಬ್ಬರ ಬಟ್ಟೆ ನನ್ನ ಹೊಣೆ. ಆರೈಕೆ ಕೇಂದ್ರದ ವಿಚಾರವನ್ನು ಕೈಬಿಟ್ಟಿದ್ದೇವೆ ಎಂಬುದನ್ನು ಅವಳ ಎದುರಿಗೆ ಕೂತು, ಅವಳ ಕೈ ಹಿಡಿದು, ನೀವೇ ಹೇಳಬೇಕು. ನಿಮ್ಮ ಮುಖ ಅವಳಿಗೆ ಈಗ ನೆರಳಿನಷ್ಟೇ ಕಾಣುತ್ತದೆ.

ಬರುವ ಹುಣ್ಣಿಮೆಯೊಳಗೆ ಮೂವರ ಸಹಿಯಿರುವ ಲಿಖಿತ ಉತ್ತರವನ್ನು ಕೋರುತ್ತೇನೆ. ಅದಕ್ಕೆ ಮುಂಚೆ ತಾತನ ಕುರ್ಚಿಯ ಕಡೆಗೆ ಬಾಗಿ ಅವರ ಒಪ್ಪಿಗೆ ಕೇಳುವ ಶಾಸ್ತ್ರ ಬೇಡ. ಈ ಸಲ ಆಯ್ತು ಎನ್ನಬೇಕಾದವರು ನೀವು.